ನನ್ನ ಬ್ಲಾಗು, ವಾರಗಿತ್ತಿಯ ರೀಲು

ಹೊಟ್ಟೆಕಿಚ್ಚು ಪಡುವ ಸಂದರ್ಭ ಬೇರೆಯವರಿಗೆ ತಿಂಗಳಿಗೊಂದು ಬರಬಹುದು, ನನಗೆ ದಿನಕ್ಕೆ ಎರಡು ಬರುತ್ತವೆ. ವಾರಗಿತ್ತಿ ಬೆಳಿಗ್ಗೆ ಒಂದು ರೀಲ್ ಹಾಕುತ್ತಾಳೆ, ಸಂಜೆ ಒಂದು.

ತುಮಕೂರಿನ ಮಗ್ಗುಲಿನ ಮರಳೂರಿನ ನಮ್ಮ ಮನೆಯಲ್ಲಿ ಕೆಳಗೆ ನಾನು, ಗಂಡ ಮತ್ತು ಮಗಳು. ಮೇಲೆ ಮೈದುನ ಮತ್ತು ಅವನ ಹೆಂಡತಿ. ಅತ್ತೆ ವಾರದಲ್ಲಿ ನಾಲ್ಕು ದಿನ ಕೋರ ಎಂಬ ಊರಿನ ತೋಟದ ಮನೆಯಲ್ಲಿರುತ್ತಾರೆ, ಮೂರು ದಿನ ನಮ್ಮಲ್ಲಿ. ವಾರಗಿತ್ತಿ ರೀಲ್ಸ್ ಮಾಡುತ್ತಾಳೆ. ನಾನು ಬ್ಲಾಗ್ ಬರೆಯುತ್ತೇನೆ. ಬ್ಲಾಗ್ ಎಂದರೆ ಏನು ಎಂದು ಕೇಳುವವರೇ ಈಗ ಹೆಚ್ಚು, ಅದಕ್ಕೆ ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ನಮ್ಮದೇ ಒಂದು ಜಾಗ ಮಾಡಿಕೊಂಡು, ಅನ್ನಿಸಿದ್ದನ್ನೆಲ್ಲ ಪುಟಗಟ್ಟಲೆ ಬರೆದಿಟ್ಟು, ಯಾರಾದರೂ ಬಂದು ಓದುತ್ತಾರೇನೋ ಎಂದು ಕಾಯುವುದು. ಮದುವೆ ಮನೆಯಲ್ಲಿ ಎಲೆ ಹಾಕಿ ಜನಕ್ಕೆ ಕಾಯುವ ಹಾಗೆ. ಮೊದಲು ಪಂಕ್ತಿ ತುಂಬುತ್ತಿತ್ತು. ಈಗ ಎಲೆಗಳು ಗಾಳಿಗೆ ಹಾರುತ್ತಿವೆ. ಜನರೆಲ್ಲ ಛತ್ರದ ಹೊರಗೆ ಗಾಡಿಯ ಮುಂದೆ ನಿಂತು ಗೋಬಿ ತಿನ್ನುತ್ತಿದ್ದಾರೆ. ಆ ಗಾಡಿ ನನ್ನ ವಾರಗಿತ್ತಿಯದು.

ಕಾಲುದಾರಿ ಅರ್ಜಿ

ನನ್ನ ತವರು ಗುಬ್ಬಿ. ಹತ್ತನೇ ಕ್ಲಾಸ್ ಮುಗಿದ ಮೇಲೆ ಅಲ್ಲಿಯ ಒಂದು ಜೆರಾಕ್ಸ್ ಅಂಗಡಿಗೆ ಟೈಪ್ ಮಾಡುವ ಕೆಲಸಕ್ಕೆ ಸೇರಿದೆ. ಜನ ಅರ್ಜಿ ಬರೆಸಲು ಬರುತ್ತಿದ್ದರು, ಬಂದವರು ಸುಮ್ಮನೆ ಅರ್ಜಿ ಹೇಳುತ್ತಿರಲಿಲ್ಲ, ಅದರ ಹಿಂದಿನ ಕತೆಯನ್ನೂ ಹೇಳುತ್ತಿದ್ದರು. ಕತೆ ಕೇಳಿದರೆ ನನ್ನ ಬೆರಳು ನಿಲ್ಲುತ್ತಿರಲಿಲ್ಲ.

ಒಬ್ಬ ರೈತ ಬಂದ. ಪಕ್ಕದ ಹೊಲದವನು ಕಾಲುದಾರಿಗೆ ಬೇಲಿ ಹಾಕಿದ್ದಾನೆ, ತೆಗೆಸಿಕೊಡಿ ಎಂದು ಎರಡು ಸಾಲು ಬೇಕಿತ್ತು. ನಾನು ಮೂರು ಪುಟ ಹೊಡೆದೆ. ಬೇಲಿ ಹಾಕಿದವನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಏನೆಂದಳು, ಇವನ ತಾಯಿ ತಿರುಗಿ ಏನೆಂದಳು, ನಡುವೆ ಹಸು ಯಾವ ಕಡೆ ನಿಂತಿತ್ತು, ಎಲ್ಲ ಬರೆದೆ. ವಾರ ಕಳೆದು ಅವನು ಮತ್ತೆ ಬಂದ.

"ದಾರಿ ಬುಡುಸ್ಕೊಟ್ರಾ ಅಣ್ಣಾ?" ಎಂದೆ.

"ಎಲ್ಲಿ ಬುಡುಸ್ತಾರವ್ವಾ! ಆದ್ರೆ ತಾಲ್ಲೂಕ್ ಆಫೀಸ್ನೋರೆಲ್ಲ ಸುತ್ತ ಕೂತ್ಕಂಡು ಓದುದ್ರು. 'ಮುಂದೇನಾಯ್ತು, ಬರ್ಸ್ಕಂಡು ಬಾ' ಅಂತ ಕಳ್ಸವ್ರೆ."

ಅಂಗಡಿ ಓನರ್ ಅವತ್ತೇ ಕಂಪ್ಯೂಟರಿನಲ್ಲಿ ನನಗೊಂದು ಬ್ಲಾಗ್ ತೆರೆದುಕೊಟ್ಟರು. "ನಿನ್ ಕತೇನೆಲ್ಲ ಇಲ್ಲಿ ಬರ್ಕೊಳಮ್ಮ. ನನ್ ಗಿರಾಕಿಗಳನ್ನ ಬಿಟ್ಬಿಡು."

ಗುಲಾಬಿ ಹೂವು

ಆ ಕಾಲದಲ್ಲಿ ಜನ ಓದುತ್ತಿದ್ದರು, ಸುಳ್ಳಲ್ಲ. ಮೊದಲ ಕಾಮೆಂಟ್ ಹಾಕಿದವರು ತುಮಕೂರಿನ ಒಬ್ಬ ನಿವೃತ್ತ ಮೇಷ್ಟ್ರು. ನಾನು ಒಂದು ಪುಟ ಬರೆದರೆ ಅವರು ಒಂದೂವರೆ ಪುಟ ಕಾಮೆಂಟ್ ಬರೆಯುತ್ತಿದ್ದರು. ಮದುವೆಯಾಗಿ ಮರಳೂರಿಗೆ ಬಂದಾಗ ಅವರ ಮನೆಗೆ ಹೋಗಿ ಕಾಲು ಮುಟ್ಟಿ ಬಂದಿದ್ದೆ. ಆಮೇಲೆ ಅವರ ಮಗ ಅವರಿಗೊಂದು ದೊಡ್ಡ ಫೋನ್ ಕೊಡಿಸಿದ. ಅಲ್ಲಿಗೆ ನನ್ನ ಮೇಷ್ಟ್ರು ಹೋದರು. ದಿನಾ ಬೆಳಿಗ್ಗೆ ಒಂದು ಗುಲಾಬಿ ಹೂವು, ಕೆಳಗೆ ಶುಭೋದಯ. ಅಷ್ಟೇ.

ಹೋದ ವರ್ಷ ಧೈರ್ಯ ಮಾಡಿ ಹೊಸ ಬರಹದ ಲಿಂಕ್ ಕಳಿಸಿದೆ. ಗುಲಾಬಿ ಬಂತು. "ಓದಿದ್ರಾ ಸಾರ್?" ಎಂದು ಕೇಳಿದೆ.

"ಉದ್ದ ಇದೆಯಮ್ಮ. ಕಣ್ಣಿಗೆ ಆಗೋದಿಲ್ಲ. ನೀನೇ ಓದಿ ವಾಯ್ಸ್ ಮೆಸೇಜ್ ಕಳಿಸಿಬಿಡು, ವಾಕಿಂಗ್‌ನಲ್ಲಿ ಕೇಳ್ತೀನಿ."

ಮಗಳನ್ನು ಮಲಗಿಸಿ, ಫ್ಯಾನ್ ಆರಿಸಿ, ಬೆವರು ಸುರಿಸಿಕೊಂಡು ಹನ್ನೆರಡು ನಿಮಿಷ ಓದಿ ಕಳಿಸಿದೆ. ನಲವತ್ತು ಸೆಕೆಂಡಿನಲ್ಲಿ ಉತ್ತರ ಬಂತು: "ಅದ್ಭುತ. ಪೂರ್ತಿ ಕೇಳಿದೆ."

ಅದನ್ನೂ ಸಹಿಸಿಕೊಂಡೆ. ಐದು ನಿಮಿಷ ಬಿಟ್ಟು ಅವರೇ ಒಂದು ರೀಲ್ ಕಳಿಸಿದರು. ನನ್ನ ವಾರಗಿತ್ತಿ ಸೊಪ್ಪು ಬಿಡಿಸುತ್ತ ಹುಬ್ಬು ಕುಣಿಸುತ್ತಿದ್ದಳು. ಕೆಳಗೆ ಮೇಷ್ಟ್ರ ಮಾತು: "ಈ ಹುಡುಗಿ ನಿಮ್ಮ ಮರಳೂರಿನವಳೇ ಅಂತೆ. ಎಷ್ಟು ಚೂಟಿ ನೋಡಮ್ಮ. ನೀನೂ ಇಂಥದ್ದೇನಾದರೂ ಕಲಿ."

ಮೂರನೇ ಪ್ಯಾರಾ

ನನ್ನ ಗಂಡ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾರೆ. ನಾನು ಬರೆದದ್ದಕ್ಕೆಲ್ಲ ಕೆಳಗೆ "ಸೂಪರ್" ಎಂದು ಹಾಕುವುದು ಅವರ ಅಭ್ಯಾಸ. ಅಜ್ಜಿ ಸತ್ತದ್ದನ್ನು ಬರೆದಾಗಲೂ ಸೂಪರ್. ಇವರು ಓದುತ್ತಾರೋ ಇಲ್ಲವೋ ನೋಡೇಬಿಡೋಣ ಎಂದು ಒಂದು ದಿನ ಬೆಳಿಗ್ಗೆ ಹೀಗೆ ಬರೆದೆ. ಮೊದಲ ಪ್ಯಾರಾ ಹವಾಮಾನ. ಎರಡನೆಯದು ಸೊಳ್ಳೆ. ಮೂರನೆಯದರಲ್ಲಿ: "ಇವತ್ತು ಮಗಳನ್ನು ಕರೆದುಕೊಂಡು ಗುಬ್ಬಿಗೆ ಹೋಗುತ್ತಿದ್ದೇನೆ. ಬೀಗದ ಕೈ ತುಳಸಿ ಕಟ್ಟೆಯ ಹಿಂದಿನ ಒಡೆದ ಕುಂಡದ ಕೆಳಗಿದೆ. ಸಾರು ಬಿಸಿ ಮಾಡಿಕೊಳ್ಳಿ."

ಮಧ್ಯಾಹ್ನ ಬಸ್ಸಿನಲ್ಲಿದ್ದಾಗ ಕಾಮೆಂಟ್ ಬಂತು. ಸೂಪರ್.

ಸಂಜೆ ಆರೂವರೆಗೆ ಫೋನ್. "ಎಲ್ಲಿದೀಯೇ? ಮನೆಗೆ ಬೀಗ ಹಾಕಿದೆ. ಮೇಲ್ಗಡೆಯವರೂ ಕೋರಕ್ಕೆ ಹೋಗವ್ರೆ."

"ಗುಬ್ಬೀಲಿದೀನಿ."

"ಗುಬ್ಬೀಲಾ! ಹೇಳ್ದೆ ಕೇಳ್ದೆ ಹೋಗೋದಾ?"

"ಹೇಳೇ ಬಂದಿದೀನಿ. ನೀವು ಸೂಪರ್ ಅಂದ್ರಲ್ಲ."

"ಬೀಗದ ಕೈ ಎಲ್ಲಿಟ್ಟಿದೀಯ?"

"ಮೂರನೇ ಪ್ಯಾರಾದಲ್ಲಿ."

ಗೇಟಿನ ಮುಂದೆ ಟಿಫನ್ ಡಬ್ಬಿ ಹಿಡಿದುಕೊಂಡೇ ಓದಿದರಂತೆ. ಮತ್ತೆ ಫೋನ್ ಬಂತು, ಈ ಸಲ ಕೂಗು. "ಬೀಗದ ಕೈ ಇಟ್ಟಿರೋ ಜಾಗಾನ ಊರಿಗೆಲ್ಲ ಕಾಣೋ ಹಂಗೆ ಬರ್ದಿದೀಯಲ್ಲೇ! ಕಳ್ಳ ಓದಿದ್ರೆ ಏನೇ ಗತಿ?"

"ಓದ್ಲಿ ಬಿಡ್ರೀ. ಓದೋರು ಒಬ್ರು ಜಾಸ್ತಿ ಆಗ್ತಾರೆ."

ರಾತ್ರಿ ಊಟವಾದ ಮೇಲೆ ಬ್ಲಾಗಿನಲ್ಲಿ ಅವರ ಹೊಸ ಕಾಮೆಂಟ್ ಇತ್ತು. "ಮೂರನೇ ಪ್ಯಾರಾ ತುಂಬ ಚೆನ್ನಾಗಿದೆ."

ಕುಣಿಗಲ್ಲಿನಲ್ಲಿ ನನಗೆ ಸಿಕ್ಕ ಗೌರವ

ವಾರಗಿತ್ತಿಯ ತವರು ಕುಣಿಗಲ್. ಅವಳ ಚಿಕ್ಕಪ್ಪನ ಮಗಳ ಮದುವೆಗೆ ಎಲ್ಲರೂ ಹೋಗಿದ್ದೆವು. ಛತ್ರದೊಳಗೆ ಕಾಲಿಟ್ಟದ್ದೇ ತಡ, ಅವಳ ಸುತ್ತ ಹುಡುಗಿಯರು. ಸೆಲ್ಫಿ ಮೇಲೆ ಸೆಲ್ಫಿ. ಮದುಮಗಳೇ ಕತ್ತು ಉದ್ದ ಮಾಡಿಕೊಂಡು ನೋಡುತ್ತಿದ್ದಳು. ನಾನು ಮಗಳ ಮೂಗು ಒರೆಸುತ್ತ ಕಂಬದ ಪಕ್ಕ ನಿಂತಿದ್ದೆ.

ಆಗ ರೇಷ್ಮೆ ಸೀರೆ ಉಟ್ಟ ಒಬ್ಬ ಹೆಂಗಸು ಸೀದಾ ನನ್ನ ಹತ್ತಿರ ಬಂದರು. ನನ್ನ ಹತ್ತಿರವೇ! "ನಿಮ್ಮನ್ನ ನಂಗೆ ಚೆನ್ನಾಗ್ ಗೊತ್ತು ಕಣ್ರೀ," ಎಂದರು.

ಕೊನೆಗೂ ಒಬ್ಬರು. "ಓದ್ತೀರಾ ಮೇಡಂ?"

"ಓದೋದೇನ್ ಬಂತು. ಎಲ್ಲಿ, ಒಂಚೂರು ಆ ಕಡೆ ತಿರುಗಿ."

ಯಾಕೆಂದು ತಿಳಿಯದೆ ಕಂಬದ ಕಡೆಗೆ ತಿರುಗಿದೆ. ಹಿಂದಿನಿಂದ ಆಕೆ ಕಿರುಚಿದರು. "ಬರ್ರೇ ಇಲ್ಲಿ! ಇವ್ರೇ ಕಣ್ರೇ, ಆ ರೀಲ್‌ನಲ್ಲಿ ಹಿಂದ್ಗಡೆ ಮುದ್ದೆ ತಿರುವೋರು! ಭುಜ ನೋಡ್ರೇ, ಅದೇ ಭುಜ!"

ವಾರಗಿತ್ತಿ ಕೆಳಗೆ ನನ್ನ ಅಡುಗೆಮನೆಯಲ್ಲಿ ನಿಂತು ರೀಲ್ ಮಾಡುವಾಗ ಅವಳ ಹಿಂದೆ ಒಲೆಯ ಮುಂದೆ ನಿಂತು ಮುದ್ದೆ ಕೋಲು ತಿರುವುತ್ತಿದ್ದವಳು ನಾನು. ಆಮೇಲೆ ಏಳೆಂಟು ಜನ ನನ್ನ ಬೆನ್ನಿನ ಜೊತೆ ಸೆಲ್ಫಿ ತೆಗೆದುಕೊಂಡರು. ಆರು ನೂರು ಬರಹ ಬರೆದ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಬೆನ್ನು ಮಾತ್ರ ಇಡೀ ಕುಣಿಗಲ್ಲಿಗೆ ಗೊತ್ತು.

ನಮ್ಮಜ್ಜಿಯ ಬಸ್ಸಾರು

ಬೆನ್ನಿಗೇ ಇಷ್ಟು ಮರ್ಯಾದೆ ಇದ್ದರೆ ಮುಖಕ್ಕೆ ಎಷ್ಟಿರಬೇಡ ಎಂದು ನಾನೂ ರೀಲ್ ಮಾಡಲು ನಿಂತೆ. ಫೋನನ್ನು ರಾಗಿ ಹಿಟ್ಟಿನ ಡಬ್ಬಕ್ಕೆ ಒರಗಿಸಿ ಹುರುಳಿಕಾಳಿನ ಬಸ್ಸಾರು ಹೇಳಿಕೊಡಲು ಶುರು ಮಾಡಿದೆ. "ಬಸ್ಸಾರು ಮಾಡುವ ಮೊದಲು ನಮ್ಮಜ್ಜಿಯ ಬಗ್ಗೆ ಎರಡು ಮಾತು ಹೇಳಬೇಕು," ಎನ್ನುವಷ್ಟರಲ್ಲಿ ರೀಲ್ ಮುಗಿಯಿತು. ಎರಡನೇ ಭಾಗದಲ್ಲಿ ಅಜ್ಜಿ ಹುಟ್ಟಿದಳು. ಮೂರರಲ್ಲಿ ಮದುವೆಯಾದಳು. ಬರೆದು ಅಭ್ಯಾಸವಾದವರಿಗೆ ಪೀಠಿಕೆ ಇಲ್ಲದೆ ಉಸಿರೇ ಬರುವುದಿಲ್ಲ.

ಐದನೇ ಭಾಗ ಮಾಡುವಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ನಿಮ್ಮಜ್ಜಿ ಒಲೆ ಹಚ್ಚಾದು ಯಾವಾಗವ್ವಾ? ಹೊಟ್ಟೆ ಹಸೀತೈತೆ."

ಅಡ್ಮಿಷನ್

ಇದು ಚಿಕ್ಕದು. ಮಗಳನ್ನು ಎಲ್‌ಕೆಜಿಗೆ ಸೇರಿಸಲು ಹೋದಾಗ ಮಿಸ್ ಕೇಳಿದರು, "ನಿಮ್ಮಮ್ಮ ಮನೇಲಿ ಏನ್ ಮಾಡ್ತಾರೆ ಪುಟ್ಟಾ?"

"ಅಮ್ಮ ಬ್ಲಾಗ್ ಬರೀತಾರೆ" ಎಂದು ಹೇಳು ಎಂದು ಎರಡು ದಿನ ಬಾಯಿಪಾಠ ಮಾಡಿಸಿದ್ದೆ. ಮಗಳು ಕೈ ಕಟ್ಟಿಕೊಂಡು ನಿಂತು ಹೇಳಿದಳು: "ಅಮ್ಮ ಚಿಕ್ಕಮ್ಮನ ರೀಲ್ಸ್ ನೋಡ್ಕೊಂಡು ಬೈಕೊಳ್ತಾರೆ."

ಮಿಸ್ ಚಿಕ್ಕಮ್ಮ ಯಾರೆಂದು ಕೇಳಿದರು. ಫೋನಿನಲ್ಲಿ ತೋರಿಸಿದೆ. ಸೀಟು ಅಲ್ಲೇ ಸಿಕ್ಕಿತು. ಹೊರಡುವಾಗ ಮಿಸ್ ಹೇಳಿದರು, "ಪೇರೆಂಟ್ಸ್ ಮೀಟಿಂಗ್‌ಗೆ ನೀವು ಬರದೇ ಇದ್ರೂ ಪರವಾಗಿಲ್ಲ, ಅವ್ರನ್ನ ಕಳ್ಸಿ."

ಅಟ್ಟದ ಕಾಯಿ

ಕೋರದ ತೋಟದ ಮನೆಯಲ್ಲಿ ಅಟ್ಟದ ತುಂಬ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಕಾಯಿ ಕೊಬ್ಬರಿಯಾಗುತ್ತದೆ, ಚಿಪ್ಪಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಾಡಿಸಿ ನೋಡಬೇಕು. ಈ ವಿದ್ಯೆಯನ್ನು ಅತ್ತೆ ನನಗೆ ಮದುವೆಯಾದ ಮೊದಲ ವರ್ಷವೇ ಕಲಿಸಿದ್ದರು. ನಾನು ಅದರ ಮೇಲೆ ನಾಲ್ಕು ಭಾಗಗಳಲ್ಲಿ ಬರೆದೆ. ಓದಿದವರು ಮೂರು ಜನ. ಅದರಲ್ಲಿ ಒಬ್ಬಳು ನಾನೇ, ತಪ್ಪು ತಿದ್ದಲು ಹೋಗಿದ್ದೆ.

ಹೋದ ವರ್ಷ ವಾರಗಿತ್ತಿ ಅದೇ ಅಟ್ಟಕ್ಕೆ ಏಣಿ ಹಾಕಿ ಹತ್ತಿದಳು. ಅತ್ತೆ ಆಗ ತೋಟದ ಕೊನೆಯಲ್ಲಿದ್ದರು. ಇವಳು ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು ಹಾಡಿನ ತಾಳಕ್ಕೆ ಗಿಲಕಿಯ ಹಾಗೆ ಅಲ್ಲಾಡಿಸಿದಳು, ಸೊಂಟ ಕುಣಿಸಿದಳು, "ಕೊಬ್ಬರಿ ರೆಡಿ ಫ್ರೆಂಡ್ಸ್" ಎಂದು ಕೆಳಗಿಳಿದು ಮಚ್ಚಿನಿಂದ ಒಂದೇಟು ಹೊಡೆದಳು. ಕಾಯಿ ಇನ್ನೂ ಹಸಿ. ಒಳಗಿನ ಹಳಸಿದ ನೀರು ಮುಖಕ್ಕೆ, ಸೀರೆಗೆ, ಫೋನಿಗೆ ಚಿಮ್ಮಿತು. "ಥೂ ನಿನ್ನ!" ಎಂದು ಅವಳು ಹಾರಿದ್ದೂ ಸೇರಿ ರೀಲ್‌ಗೆ ಬಿತ್ತು. ಮರುದಿನಕ್ಕೆ ನೋಡಿದವರು ಲಕ್ಷ ದಾಟಿದರು.

ಸರಿಯಾಗಿ ಬರೆದ ನನಗೆ ಮೂರು ಜನ. ತಪ್ಪಾಗಿ ಒಡೆದ ಅವಳಿಗೆ ಲಕ್ಷ. ಮನುಷ್ಯರಾದವರು ಎಷ್ಟು ಅಂತ ತಡೆದುಕೊಳ್ಳುತ್ತಾರೆ? ಮಧ್ಯಾಹ್ನ ಮಗಳು ಮಲಗಿದ ಮೇಲೆ ದಾಸವಾಳದ ಫೋಟೋ ಹಾಕಿ, "ಹಿತೈಷಿ" ಎಂಬ ಸುಳ್ಳು ಹೆಸರಿನಲ್ಲಿ ಒಂದು ಅಕೌಂಟ್ ಮಾಡಿ, ಅವಳ ರೀಲ್ ಕೆಳಗೆ ಬರೆದೆ:

"ತಾಯೀ, ಅಟ್ಟದ ಕಾಯಿಗೂ ಒಂದು ಮಾನ ಮರ್ಯಾದೆ ಇದೆ. ನೀನು ಅಲ್ಲಾಡಿಸಿದಾಗ ಅದು 'ನಾನಿನ್ನೂ ಹಸಿ, ಬಿಟ್ಟುಬಿಡು' ಎಂದು ಬೇಡಿಕೊಂಡಿತು. ನಿನಗೆ ನಿನ್ನ ಹಾಡು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಕಾಯಿಯನ್ನು ದವಡೆಗೆ ಒತ್ತಿಕೊಂಡು ಅಲ್ಲಾಡಿಸಬೇಕು. ಕೊಬ್ಬರಿ ಬಿಟ್ಟಿದ್ದರೆ ಹಲ್ಲಿಗೆ ತಿಳಿಯುತ್ತದೆ. ಕುಣಿಯುವುದಕ್ಕೆ ಸೊಂಟ ಸಾಕು. ಕೊಬ್ಬರಿಗೆ ತಾಳ್ಮೆ ಬೇಕು."

ಸಂಜೆ ನೋಡಿದರೆ ಆ ಕಾಮೆಂಟಿಗೆ ಎರಡು ಸಾವಿರ ಹೃದಯಗಳು. ಜನ ಓದಿದ್ದರು, ಕೊನೆಯ ಸಾಲಿನವರೆಗೂ ಓದಿದ್ದರು. ಒಬ್ಬರು ಬರೆದಿದ್ದರು: "ಎಷ್ಟು ಚೆನ್ನಾಗಿ ಬೈತೀರ ಮೇಡಂ! ನೀವೊಂದು ಬ್ಲಾಗ್ ಶುರು ಮಾಡಿ."

ಅದರ ಕೆಳಗೆ ಇನ್ನೊಬ್ಬರು: "ಬ್ಲಾಗಾ? ಅದನ್ನೆಲ್ಲ ಈಗ ಯಾರ್ ಓದ್ತಾರೆ? ಇಲ್ಲೇ ಬೈತಾ ಇರಿ ಮೇಡಂ."

ಹಿತೈಷಿ

ಅಲ್ಲಿಂದ ನನಗೆ ಚಟ ಹಿಡಿಯಿತು. ಅವಳು ದಿನಕ್ಕೆ ಎರಡು ರೀಲ್ ಹಾಕಿದರೆ ನಾನು ಎರಡು ಬೈಗುಳ ಬರೆಯುತ್ತಿದ್ದೆ. ಒಂದೊಂದೂ ಒಂದು ಸಣ್ಣ ಬ್ಲಾಗೇ. "ಹಿತೈಷಿ ಮೇಡಂ ಇನ್ನೂ ಬಂದಿಲ್ವಾ?" ಎಂದು ಜನ ಕಾಯತೊಡಗಿದರು. ಒಂದು ದಿನ ಆಸೆ ತಡೆಯಲಾರದೆ ಹಿತೈಷಿಯ ಹೆಸರಿನಲ್ಲೇ ನನ್ನ ಬ್ಲಾಗಿನ ಲಿಂಕ್ ಹಾಕಿ "ಇದನ್ನೂ ಓದಿ" ಎಂದೆ. "ಯಾವ್ದೋ ಬ್ಲಾಗ್ ಲಿಂಕ್ ಎಲ್ಲ ಹಾಕ್ಬೇಡಿ ಮೇಡಂ, ಅದು ಬೋರು. ನಿಮ್ಮಷ್ಟು ಚೆನ್ನಾಗಿ ಬರೆಯಲ್ಲ ಆಯಮ್ಮ," ಎಂದು ಉತ್ತರ ಬಂತು. ಅಲ್ಲಿಯವರೆಗೆ ವಾರಗಿತ್ತಿಯ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಅವತ್ತಿನಿಂದ ಹಿತೈಷಿಯ ಮೇಲೂ ಶುರುವಾಯಿತು.

ಅದೇ ವಾರ ವಾರಗಿತ್ತಿ ಮೆಟ್ಟಿಲಿಳಿದು ಬಂದಳು, ಕಣ್ಣು ಕೆಂಪಗಿತ್ತು. "ಅಕ್ಕಾ, ಯಾವಳೋ ದರಿದ್ರದವಳು ದಿನಾ ಉದ್ದುದ್ದ ಬೈತಾಳೆ ಕಣಕ್ಕಾ. ಜನ ನನ್ನ ನೋಡೋಕ್ ಬರ್ತಿಲ್ಲ, ಅವಳನ್ನ ಓದೋಕ್ ಬರ್ತವ್ರೆ."

"ಬಿಡೇ. ಹೊಟ್ಟೆಕಿಚ್ಚಿನವರು ಎಲ್ಲ ಕಡೆ ಇರ್ತಾರೆ," ಎಂದೆ. ಅದೊಂದು ಮಾತಾದರೂ ನಿಜ ಹೇಳಿದೆ.

"ನಂಗೆ ಬರೆಯೋಕ್ ಬರಲ್ಲ. ನೀನು ಬರೀತೀಯಲ್ಲಕ್ಕಾ, ನನ್ ಹೆಸರಲ್ಲಿ ನೀನೇ ಉತ್ತರ ಬರ್ಕೊಡು."

ಒಲ್ಲೆ ಎಂದರೆ ಅನುಮಾನ ಬರುತ್ತದೆ. ಒಪ್ಪಿಕೊಂಡೆ. ಆಮೇಲಿನ ನನ್ನ ಬದುಕು ಹೀಗಿತ್ತು: ಹನ್ನೊಂದು ಗಂಟೆಗೆ ಹಿತೈಷಿಯಾಗಿ ಬೈಯುವುದು, ಹನ್ನೆರಡಕ್ಕೆ ವಾರಗಿತ್ತಿಯಾಗಿ ಉತ್ತರ ಕೊಡುವುದು, ಒಂದಕ್ಕೆ ಆ ಉತ್ತರಕ್ಕೆ ನನಗೇ ಸಿಟ್ಟು ಬಂದು ಮತ್ತೆ ಬೈಯುವುದು. ಅನ್ನ ಎರಡು ಸಲ ಸೀದುಹೋಯಿತು.

ಹೀಗಿರುವಾಗ ಅತ್ತೆ ಕೋರದಿಂದ ಬಂದರು. ಮಧ್ಯಾಹ್ನ ಮೂವರೂ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಅತ್ತೆಗೆ ಓದು ಬರಹ ಬರುವುದಿಲ್ಲ, ಕಿವಿಯೂ ಮಂದ. ವಾರಗಿತ್ತಿ ತನ್ನ ಸಂಕಟ ಹೇಳಿಕೊಳ್ಳಲು, ಬೀದಿಗೆಲ್ಲ ಕೇಳುವ ಹಾಗೆ ದನಿ ಎತ್ತಿ ಹಿತೈಷಿಯ ಕಾಮೆಂಟು, ತನ್ನ ಹೆಸರಿನ ಉತ್ತರ, ಎಲ್ಲವನ್ನೂ ಕೊನೆಯದರಿಂದ ಹಿಂದಕ್ಕೆ ಓದಿದಳು. ಅತ್ತೆ ನಕ್ಕರು. ಸೆರಗು ಬಾಯಿಗೆ ಹಿಡಿದು ನಕ್ಕರು. "ಕಾಯಿಯನ್ನು ದವಡೆಗೆ ಒತ್ತಿಕೊಂಡು" ಎಂಬಲ್ಲಿಗೆ ಬಂದಾಗ ನಗು ನಿಂತಿತು. ಕೈಯಲ್ಲಿದ್ದ ಅವರೆಕಾಯಿಯೂ ನಿಂತಿತು.

"ಇನ್ನೊಂದ್ಸಲ ಓದವ್ವಾ ಅದ."

ವಾರಗಿತ್ತಿ ಇನ್ನೊಮ್ಮೆ ಓದಿದಳು. ಅತ್ತೆ ಮತ್ತೆ ಅವರೆಕಾಯಿ ಬಿಡಿಸತೊಡಗಿದರು. ಸಂಜೆಯ ರೀಲ್‌ಗೆ ಸೀರೆ ಬದಲಾಯಿಸಲು ವಾರಗಿತ್ತಿ ಮೇಲೆ ಹೋದಳು. ಅವಳು ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ಕಾದು ಅತ್ತೆ ನನ್ನ ಕಡೆ ತಿರುಗಿದರು.

"ಈ ಸೀಮೇಲಿ ಎಲ್ರೂ ಕಾಯಿನ ಕಿವಿ ತಾವ ಹಿಡ್ದು ಅಲ್ಲಾಡ್ಸ್ತಾರೆ, ಗೊತ್ತೇನವ್ವಾ?"

ನನಗೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

"ನಂಗೆ ಕಿವಿ ಕೇಳ್ಸಾಕಿಲ್ಲ ಅಂತ ನಾನು ದವಡೆಗೆ ಒತ್ಕತೀನಿ. ಹಂಗೆ ಮಾಡೋಳು ಈ ಭೂಮಿ ಮ್ಯಾಲೆ ನಾನೊಬ್ಳೇಯ. ನಾನು ಕಲ್ಸಿರೋದು ನಿಂಗೊಬ್ಳಿಗೇಯ."

ಅವರೆಕಾಯಿ ನನ್ನ ಕೈಯಿಂದ ಉದುರಿತು. ವಾರಗಿತ್ತಿಗೆ ತಿಳಿದರೆ ಕೆಳಗೆ ಮೇಲೆ ಒಂದೇ ಆಗಿದ್ದ ಮನೆ ಎರಡಾಗುತ್ತದೆ, ಗಂಡ ಮುಖ ತೋರಿಸುವಂತಿಲ್ಲ, ಹಿತೈಷಿ ಸಾಯುತ್ತಾಳೆ, ಹಿತೈಷಿಯ ಜೊತೆ ನನ್ನ ಓದುಗರೂ ಹೋಗುತ್ತಾರೆ. ತಲೆಯೊಳಗೆ ಇಷ್ಟೂ ಬಂದುಹೋಯಿತು. ನಾಚಿಕೆಗೇಡು, ಕೊನೆಯದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

"ಅವಳಿಗೆ ಹೇಳ್ತೀರಾ ಅತ್ತೆ?" ಎಂದು ಅವರ ಕಿವಿಗೆ ಬಾಗಿ ಕೇಳಿದೆ.

"ನಾನ್ಯಾಕ್ ಹೇಳ್ಲಿ? ನನ್ ಅಟ್ಟದ ಕಾಯಿ ಒಡೆದವ್ಳು ಅವ್ಳು. ನಾನು ಬೈಬೇಕಾಗಿದ್ನ ನೀನು ಬೈದಿದೀಯ, ಬುಡು." ನನ್ನ ಕೈಯಿಂದ ಬಿದ್ದ ಕಾಯಿಯನ್ನು ಎತ್ತಿ ತಾವೇ ಬಿಡಿಸಿದರು. "ಅವ್ಳ ಕಡೆ ಉತ್ತರಾನೂ ನಿಂದೇಯ ಅಲ್ವಾ? ಗೊತ್ತಾಯ್ತು. ಬೈಗುಳ ಚೆಂದಾಗೈತೆ. ಉತ್ತರ ಸಪ್ಪೆ. ಅದ್ಕೂ ಒಂಚೂರು ಖಾರ ಹಾಕು, ಪಾಪ. ಅವ್ಳೂ ನನ್ ಸೊಸೇನೇಯ."

ಇಷ್ಟು ವರ್ಷ ಬರೆದೆ. ಮೇಷ್ಟ್ರು ಬಿಟ್ಟುಹೋದರು, ಗಂಡ ಮೂರನೇ ಪ್ಯಾರಾಕ್ಕೆ ನಿಂತರು. ಹೆಸರಿಲ್ಲದೆ ಬರೆದರೂ ಇದು ಇವಳದೇ ಎಂದು ಗುರುತು ಹಿಡಿದ ಓದುಗರು ನನಗೆ ಒಬ್ಬರೇ ಒಬ್ಬರು ಸಿಕ್ಕಿದ್ದಾರೆ. ಅವರಿಗೆ ಓದಲು ಬರುವುದಿಲ್ಲ.

ಮಾರನೆಯ ದಿನ ಹಿತೈಷಿಗೆ ಬಾಯಿ ತೆರೆಯುವ ಧೈರ್ಯ ಬಂದಿರಲಿಲ್ಲ, ಮೂರು ಗಂಟೆಗೆ ನಾನು ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು, ಮಹಡಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಬಟ್ಟೆ ನಾನು ಮಡಿಸ್ತೀನಿ ಕೊಡು. ನೀನು ಹೋಗಿ ಇವತ್ತಿಂದು ಬೈದ್ಬುಡವ್ವಾ. ಸೀರಿಯಲ್ ಶುರುವಾಗಾಕ್ ಮುಂಚೆ ಅವ್ಳ ಕೈಲಿ ಓದ್ಸ್ಕಂಡು ಕೇಳ್ಬೇಕು."